ಡಿಕಾಕ್ಷನ್ ಇಳಿಯುವಷ್ಟರಲ್ಲಿ ಥೈರಾಯ್ಡ್ ಮಾತ್ರೆ

ಥೈರಾಯ್ಡ್ ಮಾತ್ರೆ ನುಂಗುವುದು ಕಷ್ಟ ಅಲ್ಲ. ಅದಾದ ಮೇಲೆ ಕಾಫಿಗೆ ಕಾಯುವುದಿದೆಯಲ್ಲ, ಅದು ಕಷ್ಟ. ಲೆವೊಥೈರಾಕ್ಸಿನ್ ಅನ್ನುವ ಈ ಮಾತ್ರೆಯನ್ನು ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ ತಗೊಳ್ಳಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ತಿಂಡಿ, ಕಾಫಿ ಏನೂ ಇಲ್ಲ. ಕಾಫಿ ಬೇಗ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಮೊದಲು ಮೊಬೈಲ್‌ನಲ್ಲಿ ಅಲಾರಂ ಇಟ್ಟಿದ್ದೆ. ನಾನು ಹೊರಗೆ ರಂಗೋಲಿ ಹಾಕುವಾಗ ಅದು ಒಳಗೆ ಹೊಡೆದುಕೊಳ್ಳುತ್ತಿತ್ತು. ಯಾರೋ ಹೋಗಿ ಆಫ್ ಮಾಡುತ್ತಿದ್ದರು. ಅಲ್ಲಿಗೆ ಅದರ ಕೆಲಸ ಮುಗಿಯಿತು! ಹಾಗಾಗಿ ಗಡಿಯಾರ ಬಿಟ್ಟು, ದಿನಾ ತಪ್ಪದೆ ಮಾಡುವ ಕೆಲಸವೊಂದಕ್ಕೆ ಮಾತ್ರೆಯನ್ನು ಗಂಟು ಹಾಕಿದೆ. ನಮ್ಮನೆಯಲ್ಲಿ ಯಾವುದು ತಪ್ಪಿದರೂ ಕಾಫಿ ತಪ್ಪುವುದಿಲ್ಲ. ಫಿಲ್ಟರ್‌ಗೆ ಪುಡಿ ಹಾಕಿ, ಬಿಸಿನೀರು ಸುರಿದು, ಮುಚ್ಚಳ ಮುಚ್ಚಿದ ಕೈಯಲ್ಲೇ ಮಾತ್ರೆ ತೆಗೆದುಕೊಳ್ಳುತ್ತೇನೆ. ಡಿಕಾಕ್ಷನ್ ಇಳಿಯಲು ಹೇಗೂ ಸಮಯ ಬೇಕು. ಅಷ್ಟರಲ್ಲಿ ಬಾಗಿಲಿಗೆ ನೀರು, ರಂಗೋಲಿ, ಸ್ನಾನ. ಹಾಲು ಉಕ್ಕುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿರುತ್ತದೆ. "ರಾತ್ರಿಯೇ ಡಿಕಾಕ್ಷನ್ ಹಾಕಿಡಮ್ಮ, ಬೆಳಗ್ಗೆ ಸಲೀಸು" ಅಂತ ಅತ್ತೆ ಹೇಳುತ್ತಾರೆ. ಸಲೀಸೇನೋ ಹೌದು, ಆದರೆ ನನಗೆ ಆ ಕಾಯುವ ಹೊತ್ತೇ ಬೇಕು.

ಮರೆವಿಗಿಂತ ಜಾಸ್ತಿ ಕಾಡಿದ್ದು ಅನುಮಾನ. ತಗೊಂಡೆನೋ ಇಲ್ಲವೋ? ದಿನಾ ಮಾಡುವ ಕೆಲಸ ನೆನಪಲ್ಲಿ ಉಳಿಯುವುದೇ ಇಲ್ಲ, ಅಲ್ವಾ? ನನ್ನ ಮಾತ್ರೆ ಬರುವುದು ಡಬ್ಬಿಯಲ್ಲಿ. ಸ್ಟ್ರಿಪ್ ಆಗಿದ್ದರೆ ಖಾಲಿ ಗುಳಿ ನೋಡಿ ತಿಳಿಯಬಹುದಿತ್ತು. ಡಬ್ಬಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಮೆಡಿಕಲ್ ಸ್ಟೋರ್‌ನಿಂದ ಏಳು ಖಾನೆಯ ಪ್ಲಾಸ್ಟಿಕ್ ಬಾಕ್ಸ್ ತಂದೆ. ಭಾನುವಾರ ತುಂಬಿಸುತ್ತೇನೆ. ಬುಧವಾರದ ಖಾನೆ ಖಾಲಿ ಇದ್ದರೆ ಬುಧವಾರದ್ದು ಹೊಟ್ಟೆಗೆ ಹೋಗಿದೆ ಅಂತ ಲೆಕ್ಕ. ಬಾಕ್ಸ್ ಇರುವುದು ಕಾಫಿಪುಡಿ ಡಬ್ಬದ ಪಕ್ಕ, ಒಲೆಯಿಂದ ದೂರ. ಈ ಮಾತ್ರೆಗೆ ಬಿಸಿ, ತೇವ, ಬೆಳಕು ಮೂರೂ ಆಗಿಬರುವುದಿಲ್ಲ. ಅದಕ್ಕೇ ಒಂದು ವಾರಕ್ಕಿಂತ ಹೆಚ್ಚು ಹೊರಗೆ ತೆಗೆದಿಡುವುದಿಲ್ಲ.

ಒಂದು ದಿನ ತಪ್ಪಿದರೆ ಗಾಬರಿ ಬೇಡ. ಈ ಔಷಧಿಯ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು ಒಂದು ವಾರ ಬೇಕು. ಹಾಗಂತ ಮರುದಿನ ನಾವೇ ಎರಡು ನುಂಗುವುದೂ ಬೇಡ, ಡಾಕ್ಟರನ್ನು ಕೇಳಿ. ಬಿಪಿ, ಸಕ್ಕರೆ ಮಾತ್ರೆಗಳ ಲೆಕ್ಕ ಬೇರೆ. ಇದನ್ನೇ ಅವಕ್ಕೂ ಹಚ್ಚಬೇಡಿ.

ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಇರಬೇಕು. ನಾನು ಅದನ್ನು ಮಧ್ಯಾಹ್ನದ ಊಟಕ್ಕೆ ಹಾಕಿಕೊಂಡಿದ್ದೇನೆ. ಉಪ್ಪಿನಕಾಯಿ ಜಾಡಿ ಪಕ್ಕದಲ್ಲೇ ಅದರ ಜಾಗ.

ಮದುವೆಮನೆಗೆ ಹೋದಾಗ ಮಾತ್ರ ಈ ಏರ್ಪಾಡು ಕೈಕೊಡುತ್ತದೆ. ಕಣ್ಣು ಬಿಡುವ ಮೊದಲೇ ಯಾರಾದರೂ ಕಾಫಿ ಲೋಟ ಹಿಡಿದು ನಿಂತಿರುತ್ತಾರೆ. ಅಲ್ಲಿ ಬಾಕ್ಸನ್ನು ಟೂತ್‌ಬ್ರಷ್ ಜೊತೆಗೇ ಕಟ್ಟಿಡುತ್ತೇನೆ. ಹಲ್ಲುಜ್ಜಿದ ಕೂಡಲೇ ಮಾತ್ರೆ. ಕಾಫಿ ಕೊಡಲು ಬಂದವರಿಗೆ "ಸ್ನಾನ ಮುಗಿಸಿ ಕುಡಿಯುತ್ತೇನೆ" ಅಂದರೆ ಯಾರೂ ಬಲವಂತ ಮಾಡುವುದಿಲ್ಲ.