ಎಡಕ್ಕೊಂದು ದನಿ, ಬಲಕ್ಕೊಂದು ದನಿ: ಮನೆ ಪಾಡ್‌ಕಾಸ್ಟ್‌ಗೆ ಮಿಕ್ಸರ್ ಜೋಡಿಸುವುದು ಹೇಗೆ?

ಇಬ್ಬರು ಎದುರುಬದುರು ಕೂತು ಮಾತಾಡುವ ಪಾಡ್‌ಕಾಸ್ಟ್‌ಗೆ ದೊಡ್ಡ ಮಿಕ್ಸರ್ (ಮೈಕ್‌ಗಳ ದನಿ ಹೊಂದಿಸಿ ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ) ಬೇಡ. ಎರಡು ಮೈಕ್ ಇನ್‌ಪುಟ್, ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ ಪ್ಯಾನ್ ಗುಂಡಿ, ಯುಎಸ್‌ಬಿ ಇದ್ದರೆ ಸಾಕು. ಬೆಹ್ರಿಂಗರ್ ಕ್ಯೂ802ಯುಎಸ್‌ಬಿ ಅಂಥದ್ದು. ಅದೇ ಸರಣಿಯ ಕ್ಯೂ502ಯುಎಸ್‌ಬಿಗೆ ಮೈಕ್ ಇನ್‌ಪುಟ್ ಒಂದೇ. ಅಗ್ಗವೆಂದು ತಂದರೆ ಎರಡನೇ ಮೈಕಿಗೆ ಜಾಗವಿರುವುದಿಲ್ಲ. ತುಮಕೂರಿನಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೊಳ್ಳುವವರು ಇನ್‌ಪುಟ್ ಎಣಿಸಿಯೇ ದುಡ್ಡು ಕೊಡಿ.

ಮೈಕ್ ಮಾತ್ರ ಡೈನಾಮಿಕ್ ಇರಲಿ. ಕಂಡೆನ್ಸರ್ ಮೈಕ್ ಸೂಕ್ಷ್ಮ: ಅಡುಗೆಮನೆಯ ಕುಕ್ಕರ್ ಸೀಟಿ, ಫ್ಯಾನಿನ ಗಾಳಿ, ತುಮಕೂರಿನ ಬಟವಾಡಿ-ಕ್ಯಾತ್ಸಂದ್ರದ ಕಡೆಯಾದರೆ ಹೆದ್ದಾರಿ ಲಾರಿಗಳ ಗುಡುಗು, ಎಲ್ಲವನ್ನೂ ಹಿಡಿದು ತರುತ್ತದೆ. ಡೈನಾಮಿಕ್ ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರದಲ್ಲಿಟ್ಟು, ತುಸು ಪಕ್ಕಕ್ಕೆ ಓರೆ ಮಾಡಿ. ನೇರ ಹಿಡಿದರೆ ‘ಪ’, ‘ಫ’, ‘ಭ’ ಬಂದಾಗಲೆಲ್ಲ ಉಸಿರು ಬಡಿದು ‘ಧಬ್’ ಎನ್ನುತ್ತದೆ. ಈ ಮೈಕಿಗೆ 48 ವೋಲ್ಟ್ ಫ್ಯಾಂಟಮ್ (ಮಿಕ್ಸರ್ ಕೇಬಲ್ ಮೂಲಕ ಮೈಕಿಗೆ ಕಳಿಸುವ ವಿದ್ಯುತ್) ಬೇಕಿಲ್ಲ. ಆ ಸ್ವಿಚ್ ಆಫ್ ಇರಲಿ.

ಹೆಚ್ಚಿನವರು ಎಡವುವುದು ಕೇಬಲ್‌ನಲ್ಲಿ. ಅಗ್ಗದ ಮೈಕಿನ ಜತೆ ಬರುವ ಕೇಬಲ್‌ನ ಒಂದು ತುದಿ ಪಿ38 ಜ್ಯಾಕ್ (ದಪ್ಪ ಒಂಟಿ ಕಡ್ಡಿಯ ಪಿನ್) ಆಗಿರುತ್ತದೆ. ಅದನ್ನು ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಮೈಕಿಗೆ ಬೇಕಾದಷ್ಟು ಗೇನ್ (ದನಿಯ ವರ್ಧನೆ) ಸಿಗದೆ ದನಿ ಬಾವಿಯೊಳಗಿಂದ ಬಂದಂತಿರುತ್ತದೆ. ಎರಡೂ ತುದಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇರುವ ಕೇಬಲ್ ಬೇರೆಯೇ ಕೊಳ್ಳಿ.

ಕೋಣೆಗೆ ಫೋಮ್ ಅಂಟಿಸುವ ಖರ್ಚು ಬೇಡ. ಮಾತಾಡುವವರ ಬೆನ್ನ ಹಿಂದಿನ ಗೋಡೆಗೆ ದಪ್ಪ ಕುರಿ ಉಣ್ಣೆ ಕಂಬಳಿ ಇಳಿಬಿಡಿ, ಮೇಜಿನ ಮೇಲೆ ಜಮಖಾನ ಹಾಸಿ. ಗ್ರಾನೈಟ್ ನೆಲದ ಹಾಲ್‌ಗಿಂತ ಹಾಸಿಗೆ, ಬೀರು ತುಂಬಿದ ಮಲಗುವ ಕೋಣೆಯೇ ಲೇಸು.

ಈಗ ಜೋಡಣೆ. ಮೊದಲ ಮೈಕಿನ ಪ್ಯಾನ್ ಪೂರ್ತಿ ಎಡಕ್ಕೆ, ಎರಡನೆಯದು ಪೂರ್ತಿ ಬಲಕ್ಕೆ ತಿರುಗಿಸಿ. ಇಂಥ ಮಿಕ್ಸರ್ ಕಂಪ್ಯೂಟರ್‌ಗೆ ಕಳಿಸುವುದು ಎರಡೇ ಚಾನೆಲ್. ಪ್ಯಾನ್ ನಡುವೆ ಬಿಟ್ಟರೆ ಎರಡು ದನಿಯೂ ಬೆರೆತು ಹೋಗುತ್ತವೆ, ಆಮೇಲೆ ಬಿಡಿಸಲಾಗದು. ಬೇರೆ ಇದ್ದರೆ, ಅತಿಥಿ ಮಾತಾಡುವಾಗ ನಿರೂಪಕ ಕೆಮ್ಮಿದರೂ ಅವನ ಟ್ರ್ಯಾಕ್‌ನಲ್ಲಷ್ಟೇ ಅದನ್ನು ಅಳಿಸಬಹುದು. ಉಚಿತ ತಂತ್ರಾಂಶ ಅಡಾಸಿಟಿಯಲ್ಲಿ ಮಿಕ್ಸರನ್ನು ಆರಿಸಿ ಸ್ಟೀರಿಯೊ ಇಡಿ. ವಿಂಡೋಸ್ ಕೆಲವೊಮ್ಮೆ ಮಿಕ್ಸರನ್ನು ಒಂದೇ ಚಾನೆಲ್‌ನ ಮೈಕ್ ಎಂದುಕೊಳ್ಳುತ್ತದೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ 2 ಚಾನೆಲ್ ಮಾಡಿ. ಸ್ಪೀಕರ್ ಬಂದ್ ಮಾಡಿ, ಮಿಕ್ಸರ್‌ಗೇ ಹೆಡ್‌ಫೋನ್ ಹಾಕಿ ಕೇಳಿ.

ಗೇನ್ ಹೊಂದಿಸುವಾಗ ಮೆಲ್ಲಗೆ ‘ಹಲೋ’ ಎಂದರೆ ಪ್ರಯೋಜನವಿಲ್ಲ, ಜೋರಾಗಿ ನಗಿಸಿ. ಆ ನಗುವಿಗೆ ಅಡಾಸಿಟಿ ಮೀಟರ್ -12ರಿಂದ -6 ಡೆಸಿಬಲ್ ನಡುವೆ ನಿಲ್ಲಬೇಕು. ಸೊನ್ನೆ ಮುಟ್ಟಿದ ದನಿ ಒಡೆಯುತ್ತದೆ, ಒಡೆದದ್ದು ಸರಿಹೋಗುವುದಿಲ್ಲ. ತೀರಾ ಕಡಿಮೆ ಇಟ್ಟರೆ, ಆಮೇಲೆ ಏರಿಸಿದಾಗ ‘ಸ್ಸ್’ ಸದ್ದೂ ಏರುತ್ತದೆ.

ಇನ್ನು ‘ಗುಂಯ್’ ಎನ್ನುವ ಹಮ್. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ನಿಂತರೆ ದೋಷ ಅರ್ಥಿಂಗ್‌ನದು: ಲ್ಯಾಪ್‌ಟಾಪ್, ಮಿಕ್ಸರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿದರಂತೂ ನಿಶ್ಚಿಂತೆ, ಕರೆಂಟ್ ಹೋದರೂ ಫೈಲ್ ಉಳಿಯುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಮಣ್ಣಿನ ವಿದ್ಯುತ್ ರೋಧ ಹೆಚ್ಚುತ್ತದೆ. ಒಂದೆರಡು ಕೊಡ ನೀರು ಹಾಕಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹಮ್ ನಿಲ್ಲಲೆಂದು ಮೂರನೇ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ: ಶಾಕ್ ಹೊಡೆದರೆ ಕಾಯುವುದು ಅದೇ ಪಿನ್.

ರೆಕಾರ್ಡಿಂಗ್ ಮುಗಿದ ಮೇಲೆ ಸ್ಟೀರಿಯೊ ಟ್ರ್ಯಾಕನ್ನು ಎರಡು ಮೊನೊ (ಒಂದೇ ಚಾನೆಲ್‌ನ) ಟ್ರ್ಯಾಕ್ ಆಗಿ ಬಿಡಿಸಿ. ತಗ್ಗು ಸ್ವರದ ಸದ್ದನ್ನು ತಡೆಯುವ ಹೈ-ಪಾಸ್ ಫಿಲ್ಟರನ್ನು 80 ಹರ್ಟ್ಸ್‌ಗೆ ಇಟ್ಟರೆ ಲಾರಿ ಗುಡುಗು ಬಹಳಷ್ಟು ಇಳಿಯುತ್ತದೆ. ಎರಡನ್ನೂ ಬೆರೆಸಿ, ಆ್ಯಪಲ್ ಪಾಡ್‌ಕಾಸ್ಟ್ಸ್ ಸೂಚಿಸುವಂತೆ ಲೌಡ್‌ನೆಸ್ (ಕಿವಿಗೆ ಕೇಳುವ ಒಟ್ಟಾರೆ ಜೋರು) -16 ಎಲ್‌ಯುಎಫ್‌ಎಸ್‌ಗೆ (ಅದರ ಅಳತೆಯ ಮಾನ) ತನ್ನಿ. ಬೆರೆಸುವ ಮುನ್ನ ಎರಡೂ ಟ್ರ್ಯಾಕ್‌ಗಳ ಪ್ಯಾನ್ ನಡುವಿಗೆ ಬಂದಿದೆಯೇ ನೋಡಿ. ಇಲ್ಲವಾದರೆ ಬಸ್ಸಿನಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರಿಗೆ ಪ್ರಶ್ನೆಗಳಷ್ಟೇ ಕೇಳಿಸುತ್ತವೆ, ಉತ್ತರ ಕೇಳಿಸುವುದಿಲ್ಲ.