ಪಲ್ಪರ್ ಸೀಸನ್ನಿನಲ್ಲಿ ಪರಿಸರ ಶಿಕ್ಷಣ

ಎಂ.ಎಡ್.ನಲ್ಲಿ ನಾನು ಪರಿಸರ ಶಿಕ್ಷಣ ತೆಗೆದುಕೊಂಡಾಗ, 'ಅದೇ ಡಿಗ್ರಿಯಲ್ಲಿ ಓದಿದ್ದಲ್ವಾ?' ಎಂದು ತುಂಬಾ ಜನ ಕೇಳಿದರು. ಡಿಗ್ರಿಯಲ್ಲಿದ್ದದ್ದು ಎಲ್ಲರೂ ಪಾಸಾಗಲೇಬೇಕಾದ ಪೇಪರ್. ಪರಿಸರ ಪ್ರಕರಣಗಳ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶವೇ ಅದರ ಮೂಲ. ಇಲ್ಲಿ ಓದಬೇಕಿದ್ದದ್ದು ಪರಿಸರವನ್ನು ಮಕ್ಕಳಿಗೆ ಕಲಿಸುವುದು ಹೇಗೆ ಅಂತ.

ಪರಿಸರ ಶಿಕ್ಷಣದ ಬಗ್ಗೆ 1977ರಲ್ಲಿ ನಡೆದ ಟಿಬಿಲಿಸಿ ಅಂತರರಾಷ್ಟ್ರೀಯ ಸಮ್ಮೇಳನ ಇದಕ್ಕೆ ಐದು ಗುರಿ ಹಾಕಿಕೊಟ್ಟಿದೆ: ಅರಿವು, ತಿಳಿವಳಿಕೆ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ. ಜೂನ್ 5ರ ಜಾಥಾ, ಘೋಷಣೆ, ಒಂದು ಗಿಡ ನೆಡುವುದು, ಇವೆಲ್ಲ ಮೊದಲನೆಯದರಲ್ಲೇ ನಿಂತುಬಿಡುತ್ತವೆ. ಉಳಿದ ನಾಲ್ಕರ ಮೇಲೆ ಕೆಲಸ ಮಾಡೋಣ ಎಂದು ಮೂಡಿಗೆರೆ ಕಡೆಯ ಒಂದು ಸರ್ಕಾರಿ ಶಾಲೆಗೆ ಹೋದೆ. ಶಾಲೆಯ ಹಿಂದೆ ಹೇಮಾವತಿಗೆ ಸೇರುವ ಹಳ್ಳವಿತ್ತು. ಅರೇಬಿಕಾ ಕಾಫಿಯ ಕೊಯ್ಲು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳು ಓಡುತ್ತಿದ್ದ ಕಾಲ.

ಬಿಳಿ ಟ್ರೇ, ಹಳೇ ಬ್ರಷ್, ನೀರಿನ ಹುಳಿ ತೋರಿಸುವ ಪಿಎಚ್ ಕಾಗದ, ಇಷ್ಟೇ ಸಾಮಾನು. ಕಾಫಿ ತೋಟದ ಮೇಲ್ಗಡೆ ಹಳ್ಳದಲ್ಲಿ ಮಕ್ಕಳು ಕಲ್ಲು ಮಗುಚಿದರೆ ಅದಕ್ಕೇ ಅಂಟಿಕೊಂಡಂತೆ ಮೂರು ಬಾಲದ ಚಪ್ಪಟೆ ಹುಳಗಳು. ಇನ್ನೊಂದು ಹುಳ ಮರಳಿನ ಕಣ ಅಂಟಿಸಿ ತನಗೊಂದು ಕೊಳವೆ ಮಾಡಿಕೊಂಡಿತ್ತು. ಪಲ್ಪರ್ ನೀರು ಸೇರುವ ಜಾಗದ ಕೆಳಗೆ ಅವ್ಯಾವೂ ಇಲ್ಲ, ಕೆಸರಿನಲ್ಲಿ ದಾರದಂಥ ಕೆಂಪು ಹುಳಗಳು ಮಾತ್ರ. ಹಣ್ಣಿನ ಸಿಪ್ಪೆ, ಅಂಟಿನಲ್ಲಿ ಸಕ್ಕರೆ ಇರುತ್ತದೆ. ಅದು ಹುಳಿ ಬಂದು ನೀರು ಆಮ್ಲವಾಗುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಹುಪಾಲು ಬಳಸಿಬಿಡುತ್ತವೆ. ಕೆಂಪು ಹುಳದ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆಯೇ ಹಿಮೋಗ್ಲೋಬಿನ್ ಇದೆ, ಉಳಿದ ಅಷ್ಟಿಷ್ಟು ಆಮ್ಲಜನಕವನ್ನೂ ಅದು ಹಿಡಿದುಕೊಳ್ಳುತ್ತದೆ, ಅದಕ್ಕೇ ಹುಳ ಬದುಕುತ್ತದೆ. ಇದನ್ನು ಕೇಳಿದ ಮೇಲೆ ಮಕ್ಕಳು ಟ್ರೇ ಬಿಟ್ಟು ಏಳಲೇ ಇಲ್ಲ.

ಆಮೇಲೆ ಒಬ್ಬ ಹುಡುಗಿ ಕೇಳಿದಳು, "ಮಿಸ್, ಇದನ್ನ ಚಾರ್ಟಲ್ಲಿ ಬರೆದ್ರೆ ನಮ್ಮಮ್ಮನ ಕೆಲ್ಸ ಹೋಗುತ್ತಾ?" ಅವಳ ಅಮ್ಮ ಅದೇ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದರು. ನಾನು ಓದಿದ ಯಾವ ಅಧ್ಯಾಯದಲ್ಲೂ ಈ ಪ್ರಶ್ನೆ ಇರಲಿಲ್ಲ. ಪರಿಸರ ಶಿಕ್ಷಣ ನಿಜವಾಗಿ ಶುರುವಾಗುವುದೇ ಇಲ್ಲಿಂದ ಅಂತ ನನಗೆ ಖಂಡಿತ ಅನಿಸುತ್ತದೆ. ಚಾರ್ಟಿನಲ್ಲಿ ತೋಟದ ಹೆಸರು ಬೇಡ ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಅವರನ್ನೇ ಹಳ್ಳಕ್ಕೆ ಕರೆದು ಎರಡೂ ಟ್ರೇ ತೋರಿಸಿದೆವು. "ಗುಂಡಿ ಇದೆ ಮೇಡಂ, ತುಂಬಿ ಹರಿಯುತ್ತೆ" ಎಂದರು. ಸುಣ್ಣ ಹಾಕಿದರೆ ಹುಳಿ ಇಳಿಯುತ್ತದೆ, ನೀರನ್ನು ಗುಂಡಿಯಿಂದ ಗುಂಡಿಗೆ ನಿಲ್ಲಿಸಿ ಬಿಡಬೇಕು ಎಂದು ಮಕ್ಕಳೇ ವಿವರಿಸಿದರು. ರೈಟರ್ ಇನ್ನೊಂದು ಗುಂಡಿ ತೆಗೆಸಿದರು. ಸುಣ್ಣ ಹಾಕುವುದು ಮಾತ್ರ ಸ್ವಲ್ಪ ದಿನ ನಡೆದು ನಿಂತಿತು.

ಈ ವಿಷಯ ತೆಗೆದುಕೊಳ್ಳುವವರಿಗೆ ಒಂದು ಮಾತು. ಕೊಯ್ಲು ಶುರುವಾಗುವ ಮೊದಲೇ, ಮಳೆ ನೀರು ತಿಳಿಯಾದ ಕೂಡಲೇ ಮಕ್ಕಳ ಜೊತೆ ಹಳ್ಳಕ್ಕೆ ಇಳಿದು ಹುಳಗಳನ್ನು ಬರೆದಿಟ್ಟುಕೊಳ್ಳಿ. ಪಲ್ಪರ್ ಓಡಲು ಶುರುವಾದ ಮೇಲೆ ಹೋದರೆ ಅದೇ ಜಾಗ ಮೊದಲು ಹೇಗಿತ್ತು ಎಂದು ಹೋಲಿಸಿ ನೋಡಲು ಏನೂ ಸಿಗುವುದಿಲ್ಲ.