ಯುದ್ಧದ ಗಾಯ ಬೇರೆ, ಮನೆಯೊಳಗಿನ ಹೊಡೆತ ಬೇರೆ

ಸೈನಿಕರ ಮತ್ತು ಮಾಜಿ ಸೈನಿಕರ ಕುಟುಂಬಗಳಿಗೆ ಕೌನ್ಸೆಲಿಂಗ್ ಮಾಡುವುದು ನನ್ನ ಕೆಲಸ. ಗಂಡ ಹೊಡೀತಾನೆ ಅಂತ ಹೇಳಿಕೊಂಡು ಬರುವವರು ತೀರಾ ಕಡಿಮೆ. ‘ಇವರಿಗೆ ನಿದ್ದೆ ಬರಲ್ಲ’, ‘ಸಿಟ್ಟು ಜಾಸ್ತಿ ಆಗಿದೆ’, ‘ವಾಪಸ್ ಬಂದ ಮೇಲೆ ಬೇರೆ ಮನುಷ್ಯನೇ ಆಗಿಬಿಟ್ಟಿದ್ದಾರೆ’ ಅಂತ ಮಾತು ಶುರುವಾಗುತ್ತದೆ. ಇಬ್ಬರೂ ಜೊತೆಯಲ್ಲಿ ಬಂದಿದ್ದರೂ ನಾನು ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತೇನೆ. ಇಲ್ಲಿ ಎಲ್ಲರಿಗೂ ಇದೇ ಪದ್ಧತಿ ಅಂತ ಮೊದಲೇ ಹೇಳಿಬಿಟ್ಟರೆ ಅವನಿಗೆ ಅನುಮಾನ ಬರುವುದಿಲ್ಲ.

ಒಬ್ಬಳೇ ಕೂತಾಗ ಅವಳು ಕೇಳುವುದು ಒಂದೇ: ‘ಇದು ಅವರ ಮೇಲಧಿಕಾರಿಗಳಿಗೆ ಗೊತ್ತಾಗುತ್ತಾ?’ ಆ ಭಯ ಸುಮ್ನೆ ಬಂದದ್ದಲ್ಲ. ಸಂಬಳ, ಕ್ವಾರ್ಟರ್ಸ್, ಮಕ್ಕಳ ಶಾಲೆ, ಮುಂದಿನ ಪಿಂಚಣಿ ಎಲ್ಲ ಅವನ ನೌಕರಿಗೇ ಅಂಟಿಕೊಂಡಿವೆ. ಪೋಸ್ಟಿಂಗ್ ಬದಲಾದಾಗಲೆಲ್ಲ ಅವಳ ಕೆಲಸ, ಗೆಳತಿಯರು, ನೆಂಟರು ಹಿಂದೆ ಉಳಿದುಬಿಡುತ್ತಾರೆ. ಹಾಗಾಗಿ ಯಾವ ಮಾತು ನನ್ನಲ್ಲೇ ಉಳಿಯುತ್ತದೆ, ಯಾವುದನ್ನು ಕಾನೂನಿನಂತೆ ತಿಳಿಸಲೇಬೇಕು ಅನ್ನುವುದನ್ನು ಪ್ರಶ್ನೆ ಕೇಳುವ ಮುಂಚೆಯೇ ಬಿಡಿಸಿ ಹೇಳುತ್ತೇನೆ. ಎಷ್ಟು ಹೇಳಬೇಕು ಅಂತ ಅವಳೇ ನಿರ್ಧರಿಸಲಿ.

‘ನಿಮ್ಮ ಮೇಲೆ ದೌರ್ಜನ್ಯ ಆಗ್ತಿದೆಯಾ?’ ಅಂತ ಕೇಳಿದರೆ ಉತ್ತರ ಇಲ್ಲ ಅಂತಲೇ. ಅದಕ್ಕೆ ಮನೆಯಲ್ಲಿ ದಿನ ಹೇಗೆ ಕಳೆಯುತ್ತದೆ ಅಂತ ಕೇಳುತ್ತೇನೆ. ಒಬ್ಬಾಕೆ ಹೇಳಿದ್ದು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ): ‘ಅವರು ಗಡಿಯಲ್ಲಿದ್ದಾಗ ಇಡೀ ಮನೆ ನಾನೇ ನಡೆಸಿದೆ. ಈಗ ಅಂಗಡಿ ಬಿಲ್ಲನ್ನೂ ತೋರಿಸಬೇಕು. ರಾತ್ರಿ ನನ್ನ ಫೋನ್ ಅವರ ದಿಂಬಿನ ಕೆಳಗಿರುತ್ತೆ.’ ಸ್ವಲ್ಪ ಹೊತ್ತು ಬಿಟ್ಟು, ‘ಒಂದೇ ಸಲ ಕುತ್ತಿಗೆ ಹಿಡಿದಿದ್ರು. ಗಾಯ ಏನೂ ಆಗಲಿಲ್ಲ’ ಅಂದಳು.

ಕುತ್ತಿಗೆಯ ಮಾತು ಬಂದರೆ ಬೇರೆಲ್ಲವನ್ನೂ ನಾನು ಪಕ್ಕಕ್ಕಿಡುತ್ತೇನೆ. ಕತ್ತು ಹಿಸುಕಿದರೂ ಹೊರಗೆ ಗುರುತು ಕಾಣದೇ ಇರಬಹುದು. ದನಿ ಒಡೆದಿತ್ತಾ, ನುಂಗಲು ಕಷ್ಟವಾಯಿತಾ, ಎಚ್ಚರ ತಪ್ಪಿತಾ ಅಂತ ಕೇಳುತ್ತೇನೆ. ಘಟನೆ ಇತ್ತೀಚಿನದಾದರೆ, ಒಂದೆರಡು ದಿನ ಕಳೆದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಸಂಗಾತಿ ಹಿಂದೆ ಕತ್ತು ಹಿಸುಕಿದ್ದರೆ ಮುಂದೆ ಅವನಿಂದಲೇ ಕೊಲೆಯಾಗುವ ಸಾಧ್ಯತೆ ಸುಮಾರು ಏಳು ಪಟ್ಟು ಹೆಚ್ಚು ಅಂತ ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಆಮೇಲೆ ಬಂದೂಕಿನ ಪ್ರಶ್ನೆ. ಹೊಡೆಯುವವನ ಕೈಗೆ ಬಂದೂಕು ಸಿಗುವಂತಿದ್ದರೆ ಅಪಾಯ ಐದು ಪಟ್ಟಿಗೂ ಹೆಚ್ಚು ಅಂತ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅವರ ತಂಡ 2003ರಲ್ಲಿ ತೋರಿಸಿತು. ಅವರು ನರ್ಸ್, ಸಂಶೋಧಕಿ. ಅಪಾಯ ಎಷ್ಟಿದೆ ಅಂತ ಅಳೆಯಲು 1985ರಲ್ಲಿ ಅವರು ರೂಪಿಸಿದ ಪ್ರಶ್ನೆಗಳನ್ನು ನಾನು ಈಗಲೂ ಬಳಸುತ್ತೇನೆ. ಆಯುಧದ ಜೊತೆಗೇ ಬದುಕುವ ಮನೆಗಳಲ್ಲಿ ಈ ಪ್ರಶ್ನೆ ಬಿಡುವ ಹಾಗೇ ಇಲ್ಲ.

‘ಇದು ಯುದ್ಧದಿಂದ ಆದದ್ದು ಅಲ್ವಾ?’ ಅಂತ ಅವಳೂ ಕೇಳುತ್ತಾಳೆ, ಅವನೂ ಕೇಳುತ್ತಾನೆ. ಕೆಲವು ಸಲ ಹೌದು. ಕೆಟ್ಟ ಕನಸಿನಲ್ಲಿ ಪಕ್ಕದಲ್ಲಿ ಮಲಗಿದವಳ ಮೇಲೆ ಕೈ ಎತ್ತಿ, ಎಚ್ಚರವಾದ ಮೇಲೆ ನಡುಗುತ್ತಾ ಕೂರುವವರನ್ನು ಕಂಡಿದ್ದೇನೆ. ಅಂಥವರಿಗೆ ಆಘಾತದ ಚಿಕಿತ್ಸೆ ಬೇಕು, ಸದ್ಯಕ್ಕೆ ಬೇರೆ ಹಾಸಿಗೆ ಬೇಕು. ಆದರೆ ಬಿಲ್ ಲೆಕ್ಕ ಕೇಳುವುದು, ಫೋನ್ ಕಿತ್ತುಕೊಳ್ಳುವುದು ನಿದ್ದೆಗಣ್ಣಲ್ಲಿ ಆಗುವಂಥದ್ದಲ್ಲ. ‘ಬೇರೆ ಯಾರ ಮೇಲಾದರೂ ಹೀಗೆ ಕೈ ಮಾಡಿದ್ದೀರಾ? ಅಧಿಕಾರಿ ಬೈದಾಗ?’ ಅಂತ ಅವನನ್ನು ಕೇಳುತ್ತೇನೆ, ಅವಳು ಹೇಳಿದ್ದನ್ನು ಎಳ್ಳಷ್ಟೂ ಬಾಯಿಬಿಡದೆ. ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಅಂದರೆ ಬೇರೆ ಕಡೆ ಕೈ ತಡೆದುಕೊಳ್ಳಲು ಅವರಿಗೆ ಆಗುತ್ತದೆ. ವಿಯೆಟ್ನಾಂನಲ್ಲಿ ಹೋರಾಡಿ ಬಂದ ಅಮೆರಿಕನ್ನರ ಅಧ್ಯಯನದಲ್ಲಿ, ಪಿಟಿಎಸ್‌ಡಿ (ಭೀಕರ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಇದ್ದವರ ಪೈಕಿ ಮೂವರಲ್ಲಿ ಒಬ್ಬರಷ್ಟು ಹಿಂದಿನ ಒಂದು ವರ್ಷದಲ್ಲಿ ಸಂಗಾತಿಯ ಮೇಲೆ ಕೈ ಮಾಡಿದ್ದರು. ಪಿಟಿಎಸ್‌ಡಿ ಇಲ್ಲದವರಿಗಿಂತ ಇದು ಬಹಳ ಜಾಸ್ತಿ, ನಿಜ. ಆದರೆ ಅದೇ ಕಾಯಿಲೆ ಇದ್ದ ಉಳಿದ ಇಬ್ಬರು ಹೊಡೆಯಲಿಲ್ಲ.

ಅವನನ್ನು ನಾನು ಕೈಬಿಡುವುದಿಲ್ಲ. ಮಾಜಿ ಸೈನಿಕರಿಗಾಗಿಯೇ ಅಮೆರಿಕದ ಮನಶ್ಶಾಸ್ತ್ರಜ್ಞ ಕೇಸಿ ಟ್ಯಾಫ್ಟ್ ರೂಪಿಸಿದ ‘ಸ್ಟ್ರೆಂತ್ ಅಟ್ ಹೋಮ್’ ಎಂಬ 12 ವಾರಗಳ ಗುಂಪು ಕಾರ್ಯಕ್ರಮ ಹಿಂಸೆಯನ್ನು ಕಡಿಮೆ ಮಾಡಿದ್ದು ಪರೀಕ್ಷೆಯಲ್ಲಿ ಕಂಡಿದೆ. ಆಘಾತದ ಬಗ್ಗೆಯೂ ಅಲ್ಲಿ ಮಾತಾಡುತ್ತಾರೆ, ಹೊಡೆದದ್ದಕ್ಕೆ ಹೊಣೆಯನ್ನೂ ಹೊರಿಸುತ್ತಾರೆ. ನಾನೂ ಅದೇ ದಾರಿ ಹಿಡಿದಿದ್ದೇನೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ರಾಜಿ ಮಾಡಿಸಿ ಅಂತ ಹಿರಿಯರು ಒತ್ತಾಯಿಸುತ್ತಾರೆ. ಅವಳಿಗೆ ಭಯ ಇರುವವರೆಗೆ ನಾನು ಅದಕ್ಕೆ ಒಪ್ಪುವುದಿಲ್ಲ. ಅಲ್ಲಿ ಆಡಿದ ಮಾತಿಗೆ ಅವಳು ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಹೆಂಡತಿ ಸೈನಿಕಳಾಗಿರುವ ಮನೆಗಳಲ್ಲೂ, ಪೆಟ್ಟು ತಿನ್ನುವವನು ಗಂಡನಾಗಿರುವಲ್ಲೂ ನನ್ನ ಕ್ರಮ ಇದೇ.

ಬಿಟ್ಟು ಬಾ ಅಂತ ನಾನು ಅವಳಿಗೆ ಹೇಳುವುದಿಲ್ಲ. ಬಿಟ್ಟು ಹೊರಡುವ ಹೊತ್ತೇ ಅತಿ ಅಪಾಯದ್ದು. ಅದರ ಬದಲು ಇಬ್ಬರೂ ಕೂತು ತಯಾರಿ ಮಾಡುತ್ತೇವೆ. ಗುರುತಿನ ಚೀಟಿ, ಮಕ್ಕಳ ದಾಖಲೆ, ಪಿಂಚಣಿ ಕಾಗದಗಳ ಪ್ರತಿಗಳು ಮನೆಯ ಹೊರಗೆ ನಂಬಿಕಸ್ಥರ ಹತ್ತಿರ ಇರಬೇಕು. ಜಗಳ ಶುರುವಾದರೆ ಅಡುಗೆಮನೆಗೂ ಬಂದೂಕು ಇಟ್ಟ ಕೋಣೆಗೂ ಹೋಗಬಾರದು. ಮಕ್ಕಳಿಗೆ ಒಂದು ಗುಟ್ಟಿನ ಮಾತು ಕಲಿಸಿರಬೇಕು, ಅದು ಕಿವಿಗೆ ಬಿದ್ದ ಕೂಡಲೇ ಪಕ್ಕದ ಮನೆಗೆ ಓಡಲು. ಅವನ ಚಿಕಿತ್ಸೆ ಚೆನ್ನಾಗಿ ನಡೀತಿದೆ ಅಂದರೂ ಈ ತಯಾರಿಯನ್ನು ನಾವು ನಿಲ್ಲಿಸುವುದಿಲ್ಲ. ಅವಳು ಬಂದಾಗಲೆಲ್ಲ ಮೊದಲು ಇದನ್ನೇ ವಿಚಾರಿಸುತ್ತೇನೆ.